ಅಧಿಕ ಮಾಸದ ಹಿಂದಿನ ಲೆಕ್ಕ

ಅಧಿಕ ಮಾಸವನ್ನು ಶುಭಕಾರ್ಯಕ್ಕೆ ಸಲ್ಲದ ತಿಂಗಳೆಂದಷ್ಟೇ ಕಂಡರೆ ಅದರ ಹಿಂದಿರುವ ಖಗೋಳಜ್ಞಾನ ಮರೆಯಾಗುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕೆ 365 ದಿನ ಮತ್ತು ಹೆಚ್ಚುಕಡಿಮೆ ಕಾಲು. ವರ್ಷ ವರ್ಷವೂ ಬೀಳುವ ಈ 11 ದಿನಗಳ ಅಂತರವನ್ನು ಸರಿದೂಗಿಸದಿದ್ದರೆ ಯುಗಾದಿ ವಸಂತವನ್ನು ಬಿಟ್ಟು ಚಳಿಗಾಲಕ್ಕೆ, ಮುಂದೆ ಮಳೆಗಾಲಕ್ಕೆ ಸರಿದುಬಿಡುತ್ತಿತ್ತು. ಪಂಚಾಂಗಕರ್ತರ ನಿಯಮ ಸರಳ: ಒಂದು ಅಮಾವಾಸ್ಯೆಯಿಂದ ಇನ್ನೊಂದರೊಳಗೆ ಸೂರ್ಯ ಹೊಸ ರಾಶಿಗೆ ದಾಟುವ ಸಂಕ್ರಾಂತಿ ಬಾರದಿದ್ದರೆ ಆ ತಿಂಗಳು ಅಧಿಕ. 2023ರಲ್ಲಿ ಕರ್ಕ ಸಂಕ್ರಾಂತಿ ಕಳೆದ ಮೇಲೆ ಜುಲೈ 18ರಂದು ಆರಂಭವಾದ ಮಾಸ, ಸಿಂಹ ಸಂಕ್ರಾಂತಿಗೆ ಮೊದಲೇ ಆಗಸ್ಟ್ 16ಕ್ಕೆ ಮುಗಿಯಿತು. ಆದ್ದರಿಂದ ಅದು ಅಧಿಕ ಶ್ರಾವಣ. ಸರಾಸರಿ 19 ವರ್ಷಗಳಲ್ಲಿ ಇಂಥ 7 ಮಾಸಗಳು ಬೇಕಾಗುತ್ತವೆ.

ಇಷ್ಟು ನಿಖರವಾಗಿದ್ದರೆ, ಉತ್ತರಾಯಣ ಡಿಸೆಂಬರ್ 22ರ ಸುಮಾರಿಗೇ ಆರಂಭವಾದರೂ ಮಕರ ಸಂಕ್ರಾಂತಿ ಜನವರಿ ನಡುವೆ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಈ ದೋಷ ಅಧಿಕ ಮಾಸದ್ದಲ್ಲ. ಪಂಚಾಂಗ ವರ್ಷವನ್ನು ನಕ್ಷತ್ರಗಳಿಂದ ಅಳೆಯುತ್ತದೆ. ಅದು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೀಗೆ 70 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ಜಾರುತ್ತದೆ. ವಿಜ್ಞಾನಿ ಮೇಘನಾದ ಸಹಾ ನೇತೃತ್ವದ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂದರೂ ಹಬ್ಬಗಳು ಹಳೆಯ ಲೆಕ್ಕದಲ್ಲೇ ಉಳಿದವು. ಋತುಗಳ ಜೊತೆ ಹೆಜ್ಜೆ ಹಾಕಲೆಂದೇ ಅಧಿಕ ಮಾಸವನ್ನು ರೂಪಿಸಿದ ಪರಂಪರೆ ನಮ್ಮದು. ಉಳಿದ ಈ ತಪ್ಪನ್ನೂ ತಿದ್ದಿಕೊಳ್ಳಲು ನಾವು ಹಿಂಜರಿಯಬಾರದು.