ಮಂಡಿಯ ಮೂಟೆ, ಭಟ್ಟಿಯ ಬೆಕ್ಕು

ದಾವಣಗೆರೆಯ ಹಳೆಯ ಮನೆಗಳಲ್ಲಿ ಬೆಕ್ಕನ್ನು ಯಾರೂ ದುಡ್ಡು ಕೊಟ್ಟು ತರುತ್ತಿರಲಿಲ್ಲ. ಅದೇ ಬರುತ್ತಿತ್ತು. ಹಂಚಿನ ಸಂದಿಯಿಂದಲೋ ಹಿತ್ತಿಲ ಬಾಗಿಲಿನಿಂದಲೋ ನುಸುಳಿ, ಕೆಲವು ದಿನ ಅಟ್ಟದ ಮೇಲೆ ಅಡಗಿದ್ದು, ಆಮೇಲೊಂದು ಬೆಳಿಗ್ಗೆ ಒಲೆಯ ಪಕ್ಕ ಬಂದು ಕೂತರೆ ಮುಗಿಯಿತು, ಅದು ಮನೆಯ ಬೆಕ್ಕು. ಅದಕ್ಕೊಂದು ಹೆಸರು, ಒಂದು ಒಡೆದ ತಟ್ಟೆ, ಊಟದ ಹೊತ್ತಿಗೆ ಒಂದು ತುತ್ತು ಹಾಲನ್ನ. ಈ ನಂಟಿಗೂ ಊರಿನ ಕಾಳುಕಡಿ ವ್ಯಾಪಾರಕ್ಕೂ ಹತ್ತಿರದ ಸಂಬಂಧವಿದೆ.

ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿ ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಿದ್ದ. ಅವನು ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ ಮೇಲೆ ಊರು ಪೇಟೆಯಾಯಿತು. 1880ರ ದಶಕದಲ್ಲಿ ಹರಿಹರದ ಮೇಲೆ ಹಾಯ್ದು ಪುಣೆ–ಬೆಂಗಳೂರು ರೈಲು ದಾರಿ ಕೂಡಿಕೊಂಡಿತು. ಜೋಳ, ಭತ್ತ, ಹತ್ತಿಯ ಮೂಟೆಗಳು ಮಂಡಿಗಳಲ್ಲಿ ಬೆಳೆದಂತೆ ಇಲಿಗಳೂ ಬೆಳೆದವು. ಮನುಷ್ಯ ಮೊದಲು ಧಾನ್ಯ ಕೂಡಿಟ್ಟ ಪಶ್ಚಿಮ ಏಷ್ಯಾದಲ್ಲಿ ಕಾಡುಬೆಕ್ಕು ಮನೆ ಸೇರಿದ್ದೂ ಹೀಗೆಯೇ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದು ಉತ್ಖನನದಲ್ಲಿ ಸಿಕ್ಕಿದೆ. ಇಲಿ ಹಿಡಿಯುವ ಉಪಯೋಗವಷ್ಟೇ ಇದ್ದಿದ್ದರೆ ಯಾರು ಹಾಗೆ ಮಣ್ಣು ಮಾಡುತ್ತಿದ್ದರು?

ಆಮೇಲೆ ಬಂದದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಹುಬ್ಬಳ್ಳಿ-ಧಾರವಾಡವನ್ನು ನಡುಗಿಸಿ, 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. 'ಇಲಿ ಬಿತ್ತು' ಎಂಬ ಎರಡೇ ಮಾತಿಗೆ ಜನ ಬೀಗ ಹಾಕಿಕೊಂಡು ಊರ ಹೊರಗೆ ಗುಡಿಸಲು ಕಟ್ಟುತ್ತಿದ್ದ ಕಾಲ ಅದು. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯನನ್ನು ಕಚ್ಚಿ ರೋಗ ಹಬ್ಬಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ಖಚಿತವಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯ ಆಂಡ್ರೂ ಬ್ಯೂಕ್ಯಾನನ್ 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದು, ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ, ಆದ್ದರಿಂದ ಬೆಕ್ಕು ಸಾಕಿ ಎಂದು ವಾದಿಸಿದ. ಬೆಕ್ಕಿಗೂ ಪ್ಲೇಗು ತಗಲುತ್ತದೆ. ಹಾಗಾಗಿ ಅವನ ಮದ್ದು ಅವನು ನಂಬಿದಷ್ಟು ಸರಳವಾಗಿರಲಿಲ್ಲ. ಆದರೂ ಸರ್ಕಾರದ ವೈದ್ಯನೊಬ್ಬ ಬೀದಿಬೆಕ್ಕಿನ ಪರವಾಗಿ ಅಷ್ಟು ಗಟ್ಟಿಯಾಗಿ ನಿಂತದ್ದು ದೊಡ್ಡ ಸಂಗತಿ.

ವೈದ್ಯರು ಹೇಳುವ ಮೊದಲೇ ಜನರ ನಂಬಿಕೆ ಬೆಕ್ಕಿಗೆ ಕಾವಲಾಗಿತ್ತು. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದರು. ಅಡ್ಡ ಬಂದ ಬೆಕ್ಕಿಗೆ ಶಪಿಸುವವರೂ ಅದರ ಮೇಲೆ ಕೈ ಮಾಡಲು ಹಿಂಜರಿದದ್ದು ಈ ಭಯದಿಂದಲೇ. ಮುಸ್ಲಿಂ ಮನೆಗಳಲ್ಲಿ ಬೆಕ್ಕು ಬಾಯಿ ಹಾಕಿದ ನೀರು ಅಶುದ್ಧವಲ್ಲ. ಪ್ರವಾದಿಯವರ ಒಡನಾಡಿ ಅಬೂ ಹುರೈರಾ ಎಂಬ ಹೆಸರೇ ಬೆಕ್ಕಿನ ಮರಿಯ ಒಡನಾಟದಿಂದ ಬಂದದ್ದು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಂತೂ ಬೆಕ್ಕಿಗೆ ಗುಡಿಯೇ ಇದೆ. ಅಲ್ಲಿ ಅದು ಮಂಗಮ್ಮ ದೇವಿ.

ಹರಿಹರದ ಕಡೆ ತುಂಗಭದ್ರಾ ಹೊಳೆಯೂ ಈ ಕಥೆಯೊಳಗೆ ಬರುತ್ತದೆ. ಬೆಕ್ಕು ಮರಿ ಹಾಕಿ ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಎಲ್ಲ ಕಡೆಯೂ ಇದೆ. ಮರಿಗಳು ಹೆಚ್ಚಾದಾಗ ದಾರಿ ಕಾಣದಂತೆ ಗೋಣಿಚೀಲದಲ್ಲಿ ಹಾಕಿ ಒಯ್ದು ಬಿಡುವುದು, ನೀರು ದಾಟಿಸಿದರೆ ಮರಳುವುದಿಲ್ಲವೆಂದು ನಂಬುವುದು ಹೊಳೆಸಾಲಿನ ಹಳೆಯ ರೂಢಿ. 1868ರಲ್ಲಿ ತುಂಗಭದ್ರೆಗೆ ಸೇತುವೆಯಾದ ಮೇಲೆ ಹೊಳೆಯಾಚೆಗೆ, ಎಂದರೆ ಆಗಿನ ಮುಂಬಯಿ ಪ್ರಾಂತಕ್ಕೆ, ನಡೆದೇ ಹೋಗಬಹುದಿತ್ತು. ಬೆಕ್ಕಿಗೂ ಅಷ್ಟೇ. ಹಾಗೆ ದೂರ ಬಿಟ್ಟರೂ ತಿರುಗಿ ಬಂದ ಬೆಕ್ಕನ್ನು ಎರಡನೆಯ ಸಲ ಚೀಲಕ್ಕೆ ಹಾಕುವ ಗಟ್ಟಿ ಮನಸ್ಸು ಎಷ್ಟು ಮನೆಗಳಿಗಿದ್ದೀತು?

ಭದ್ರಾ ಕಾಲುವೆಯ ನೀರು ಬಂದು ಭತ್ತದ ಗದ್ದೆ ಹಬ್ಬಿದ ಮೇಲೆ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳು ಹೆಚ್ಚಿದವು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಭಟ್ಟಿಯ ಮುಂದೆ ನಿಂತವರ ಮೈಯೆಲ್ಲ ಬೆವರು, ಹೊಗೆ. ಮಳೆಗಾಲದಲ್ಲಿ ಆ ಬಿಸಿಯೇ ಬೆಕ್ಕಿಗೆ ಬೇಕಾದ ಜಾಗ: ಒಂದು ಕಡೆ ಬೆಚ್ಚನೆ ಬೂದಿ, ಇನ್ನೊಂದು ಕಡೆ ಅಕ್ಕಿ ಚೀಲ, ಅದರ ಹಿಂದೆ ಇಲಿ. ಕೆಲಸದವರ ಬುತ್ತಿಯಲ್ಲಿ ಮೀನಿದ್ದ ದಿನ ಮುಳ್ಳು ಅದರ ಪಾಲು.

ಇತ್ತ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕೂಡ ಹೊಸ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಅಡುಗೆಗೆ ಗತಿಯಿಲ್ಲದ ಮನೆಯನ್ನು ಒಲೆಯಲ್ಲಿ ಬೆಕ್ಕು ಮಲಗಿದೆ ಎಂದು ವರ್ಣಿಸುವ ಜನ ನಾವು. ಸಂಬಳ ನಿಂತ ಎಷ್ಟೋ ಕಾರ್ಮಿಕರ ಮನೆಗೆ ಆ ಮಾತು ಅಕ್ಷರಶಃ ಹೊಂದಿತು. ಆ ಬಡತನದಲ್ಲೂ ಬೆಕ್ಕಿನ ತುತ್ತು ನಿಲ್ಲಿಸದ ತಾಯಂದಿರ ಹೆಸರು ಯಾವ ಗೆಜೆಟಿಯರ್‌ನಲ್ಲೂ ಇಲ್ಲ.

ಈಗ ಗೋದಾಮುಗಳಲ್ಲಿ ಇಲಿಪಾಷಾಣ ಇಡುತ್ತಾರೆ. ಪಾಷಾಣ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭದ ಬೇಟೆ. ಅದನ್ನು ತಿಂದ ಬೆಕ್ಕೂ ಉಳಿಯುವುದು ಕಷ್ಟ. ಹಾಗಾಗಿ ಬೆಕ್ಕನ್ನು ಹಚ್ಚಿಕೊಂಡ ಅಂಗಡಿಯವರಿಗೆ ಉಳಿದಿರುವುದು ಇಲಿಬೋನು, ಮತ್ತು ಮರಿಗಳ ಸಂಖ್ಯೆ ಮಿತಿಯಲ್ಲಿಡಲು ಪಶು ಆಸ್ಪತ್ರೆಯ ಸಂತಾನಹರಣ ಶಸ್ತ್ರಚಿಕಿತ್ಸೆ. ಗೋಣಿಚೀಲಕ್ಕಿಂತ ಇದು ಎಷ್ಟೋ ಮೇಲು.