ಕಂತಿನ ಸಾಹಸಚಿತ್ರಗಳೂ ಅವುಗಳ ನಟವರ್ಗವೂ

ಕಥೆಯನ್ನು ನಡುವೆಯೇ ನಿಲ್ಲಿಸಿ, ಕೇಳುವವರ ಕುತೂಹಲವನ್ನು ಮರುದಿನದವರೆಗೆ ಕಾಪಾಡಿಕೊಳ್ಳುವ ಜಾಣತನವು ಇಂದು ನಿನ್ನೆಯದಲ್ಲ. ಶುಕಸಪ್ತತಿಯಲ್ಲಿ ಗಿಳಿಯು ಪ್ರಭಾವತಿಗೆ ಪ್ರತಿ ರಾತ್ರಿಯೂ ಒಂದು ಕಥೆಯನ್ನು ಆರಂಭಿಸಿ, ಕಥಾನಾಯಿಕೆಯು ಬಿಡಿಸಿಕೊಳ್ಳಲಾರದ ಸಂಕಟದಲ್ಲಿ ಸಿಕ್ಕಿಬಿದ್ದೆಡೆಯಲ್ಲಿ ನಿಲ್ಲಿಸಿ, “ಈಗ ಅವಳು ಪಾರಾಗುವ ಉಪಾಯವೇನು?” ಎಂದು ಕೇಳುತ್ತದೆ. ಬೇತಾಳಪಂಚವಿಂಶತಿಯಲ್ಲಿ ರಾಜನು ಬಾಯಿ ತೆರೆದೊಡನೆ ಶವವು ಮತ್ತೆ ಮರವನ್ನೇರುತ್ತದೆ; ಕಥೆಯೂ ಅವನ ನಡಿಗೆಯೂ ಮೊದಲಿನಿಂದ ಆರಂಭವಾಗುತ್ತವೆ. ನಮ್ಮ ಉಡುಪಿಯ ಕಡೆ ಚಾತುರ್ಮಾಸ್ಯದ ಪುರಾಣಪ್ರವಚನಕ್ಕೆ ಹೋಗಿ ಕುಳಿತವರೆಲ್ಲರೂ ಬಲ್ಲರು: ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕನೆಂಬಲ್ಲಿಗೆ ಆ ದಿನದ ಮಂಗಳವಾದರೆ, ಮರುದಿನ ಸಭೆಯಲ್ಲಿ ಒಂದು ಚಾಪೆಯೂ ಬರಿದಾಗಿರುವುದಿಲ್ಲ.

ಇದನ್ನು ಪೀಠಿಕೆಯಾಗಿ ಹೇಳಿದುದಕ್ಕೆ ಕಾರಣವುಂಟು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಲೋಕವನ್ನೆಲ್ಲ ಮರುಳುಗೊಳಿಸಿದ ಧಾರಾವಾಹಿ ಸಾಹಸಚಿತ್ರಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಹೊರಟಿದ್ದೇನೆ. ಇಂಥ ಅಗ್ಗದ ಸಿನಿಮಾಗಳಿಗೂ ಸಾಹಿತ್ಯಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಹಿಂದೊಮ್ಮೆ ನಾನೂ ಅವರಲ್ಲಿ ಒಬ್ಬನಾಗಿದ್ದೆನು. ಅದರಿಂದಾದ ನಷ್ಟವನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಈ ಚಿತ್ರಗಳ ಸ್ವರೂಪವನ್ನು ತಿಳಿಯೋಣ. ಒಂದೇ ಕಥೆಯನ್ನು ಹನ್ನೆರಡು ಹದಿನೈದು ಕಂತುಗಳಾಗಿ ವಿಭಾಗಿಸಿ, ವಾರಕ್ಕೊಂದರಂತೆ ಪ್ರದರ್ಶಿಸುವುದು ಪದ್ಧತಿ. ಒಂದೊಂದು ಕಂತು ಸಾಮಾನ್ಯವಾಗಿ ಎರಡು ರೀಲುಗಳಷ್ಟು, ಎಂದರೆ ಸುಮಾರು ಇಪ್ಪತ್ತು ನಿಮಿಷಗಳ ಕಾಲ ಓಡುವುದು. ಕೊನೆಯಲ್ಲಿ ನಾಯಕನ ಬಂಡಿಯು ಪ್ರಪಾತಕ್ಕೆ ಉರುಳುತ್ತಿರುವುದು, ಅಥವಾ ನಾಯಿಕೆಯನ್ನು ಕಟ್ಟಿಹಾಕಿದ ಮನೆಗೆ ಬೆಂಕಿ ಬಿದ್ದಿರುವುದು. ಅಷ್ಟರಲ್ಲಿ ತೆರೆ ಕತ್ತಲಾಗಿ, ಮುಂದಿನ ವಾರ ನೋಡಿರೆಂಬ ಸೂಚನೆಯು ಕಾಣಿಸಿಕೊಳ್ಳುವುದು.

ಈ ಪದ್ಧತಿಯು ಅಮೆರಿಕಾ ದೇಶದಲ್ಲಿ ಪತ್ರಿಕೆಗಳ ಆಶ್ರಯದಲ್ಲಿ ಹುಟ್ಟಿತು. 1912ರಲ್ಲಿ ಎಡಿಸನ್ ಕಂಪೆನಿಯವರು ಮೇರಿ ಎಂಬ ಹುಡುಗಿಯ ಕಥೆಯನ್ನು ತಿಂಗಳಿಗೊಂದರಂತೆ ಚಿತ್ರಿಸಿದರು. ಅದೇ ಕಥೆಯು ಸ್ತ್ರೀಯರ ಮಾಸಪತ್ರಿಕೆಯೊಂದರಲ್ಲಿಯೂ ಜತೆಜತೆಯಾಗಿ ಅಚ್ಚಾಗುತ್ತಿತ್ತು. 1913ರ ಕೊನೆಯಲ್ಲಿ ಸೆಲಿಗ್ ಕಂಪೆನಿಯ ‘ಕ್ಯಾಥ್ಲಿನ್‌ಳ ಸಾಹಸಗಳು’ ಹದಿಮೂರು ಕಂತುಗಳಲ್ಲಿ ಹೊರಬರಲಾರಂಭಿಸಿತು. ಅದರ ಕಥೆಯು ನಡೆಯುವುದು ಹಿಂದೂಸ್ಥಾನದ ‘ಅಲ್ಲಹಾ’ ಎಂಬ ರಾಜ್ಯದಲ್ಲಂತೆ! ನಮ್ಮ ಭೂಗೋಳಶಾಸ್ತ್ರವರಿಯದ ಆ ರಾಜ್ಯದಲ್ಲಿ ನಟಿಯಾದ ಕ್ಯಾಥ್ಲಿನ್ ವಿಲಿಯಮ್ಸಳು ನಿಜವಾದ ಹುಲಿಸಿಂಹಗಳ ನಡುವೆ ಓಡಾಡಿದಳು. 1914ರಲ್ಲಿ ‘ಪಾಲಿನಳ ಅಪಾಯಗಳು’ ಇಪ್ಪತ್ತು ಕಂತುಗಳಲ್ಲಿ ಬಂದಿತು. ವಿವಾಹಕ್ಕೆ ಮುನ್ನ ಲೋಕವನ್ನು ನೋಡಬೇಕೆನ್ನುವ ಶ್ರೀಮಂತ ಕನ್ಯೆ, ಅವಳ ಆಸ್ತಿಗಾಗಿ ಅವಳನ್ನು ಕೊಲ್ಲಲು ಹೊಂಚುವ ಕಾರ್ಯದರ್ಶಿ, ಕಥೆಯು ಇಷ್ಟೇ. ಆದರೆ ಮುಖ್ಯಪಾತ್ರವನ್ನು ವಹಿಸಿದ ಪರ್ಲ್ ವೈಟ್ ಎಂಬ ತರುಣಿಯು ಇದರಿಂದ ಲೋಕಪ್ರಸಿದ್ಧಳಾದಳು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಮೊದಮೊದಲಿನ ಚಿತ್ರಗಳ ಎಷ್ಟೋ ಕಂತುಗಳಲ್ಲಿ ಒದಗಿದ ಅಪಾಯವು ಆ ಕಂತಿನಲ್ಲಿಯೇ ಪರಿಹಾರವಾಗುತ್ತಿತ್ತು. ಪ್ರಾಣಸಂಕಟದಲ್ಲಿಯೇ ಕಥೆಯನ್ನು ತೂಗಹಾಕಿ ಪ್ರೇಕ್ಷಕರನ್ನು ಮನೆಗೆ ಕಳುಹಿಸುವ ಕ್ರಮವು ಅನಂತರದ ವರ್ಷಗಳಲ್ಲಿ ನಿಯಮವಾಗಿ ನೆಲೆಗೊಂಡಿತು.

ಈ ಚಿತ್ರಗಳಲ್ಲಿ ಸಾಹಸಕ್ಕೆ ಅಧಿಕಾರಿಣಿಯರು ಸ್ತ್ರೀಯರೇ ಆಗಿದ್ದರೆಂಬುದು ವಿಚಾರಾರ್ಹವಾಗಿದೆ. ಅಮೆರಿಕಾದ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ದೊರೆತುದು 1920ರಲ್ಲಿ. ಅದಕ್ಕಿಂತ ಮೊದಲೇ ತೆರೆಯ ಮೇಲೆ ಅವರು ರೈಲುಬಂಡಿಗಳನ್ನು ತಡೆದು ಕಳ್ಳರನ್ನು ಹಿಡಿಯುತ್ತಿದ್ದರು. ‘ಹೆಲೆನಳ ಗಂಡಾಂತರಗಳು’ ಎಂಬ ಮಾಲೆಯು 1914ರಿಂದ 1917ರವರೆಗೆ 119 ಚಿತ್ರಗಳಾಗಿ ಬಂದಿತು. ಮೊದಲು ಹೆಲೆನ್ ಹೋಮ್ಸ್, ಬಳಿಕ ಹೆಲೆನ್ ಗಿಬ್ಸನ್ ಅದರ ನಾಯಿಕೆಯರು. ಒಮ್ಮೆ ಗಿಬ್ಸನ್ನಳು ನಿಲ್ದಾಣದ ಮಾಡಿನಿಂದ ಓಡುತ್ತಿರುವ ರೈಲಿನ ಮೇಲಕ್ಕೆ ಹಾರಬೇಕಾಗಿತ್ತು. ನಿಂತ ಬಂಡಿಯ ಮೇಲೆ ಅಭ್ಯಾಸಮಾಡಿದ್ದಳು. ಹಾರಿದುದೂ ಸರಿಯಾಗಿಯೇ ಆಯಿತು. ಆದರೆ ಬಂಡಿಯ ವೇಗಕ್ಕೆ ಉರುಳಿಹೋಗಿ, ಅಂಚಿನಲ್ಲಿ ಕೈಗೆ ಸಿಕ್ಕಿದ ಗಾಳಿಗಂಡಿಯನ್ನು ಹಿಡಿದು ಬದುಕಿದಳು. ಪ್ರೇಕ್ಷಕರ ದೃಷ್ಟಿಗೆ ಅದೂ ನಟನೆಯೇ ಆಗಿ ತೋರಿದ್ದಿತು.

ಎಲ್ಲರಿಗೂ ಹಾಗೆ ಅಂಚಿನ ಆಸರೆಯು ಸಿಕ್ಕಲಿಲ್ಲ. ಪರ್ಲ್ ವೈಟಳ ಬೆನ್ನಿಗೆ ತಗುಲಿದ ಪೆಟ್ಟು ಅವಳನ್ನು ಬಹುಕಾಲ ಬಾಧಿಸಿತು. 1922ರಲ್ಲಿ ‘ಪ್ಲಂಡರ್’ ಎಂಬ ಧಾರಾವಾಹಿಗಾಗಿ ಅವಳಿಗೆ ಬದಲಾಗಿ ಜಾನ್ ಸ್ಟೀವನ್‌ಸನ್ ಎಂಬಾತನು ಹೆಣ್ಣಿನ ಉಡುಪನ್ನೂ ಕೃತಕಕೇಶವನ್ನೂ ಧರಿಸಿ, ನ್ಯೂಯಾರ್ಕಿನ ಬೀದಿಯಲ್ಲಿ ಚಲಿಸುತ್ತಿದ್ದ ಬಸ್ಸಿನ ಮೇಲಿನಿಂದ ಮೇಲ್ಸೇತುವೆಯ ತೊಲೆಗೆ ಜಿಗಿದನು. ಹಿಡಿತ ತಪ್ಪಿ ಕೆಳಗೆ ಬಿದ್ದು ಮೃತನಾದನು. ನಾಯಿಕೆಯೇ ಎಲ್ಲ ಸಾಹಸಗಳನ್ನೂ ಮಾಡುವಳೆಂದು ನಂಬಿದ್ದ ಜನರಿಗೆ ಆ ದಿನ ಸತ್ಯವು ಗೋಚರಿಸಿತು. ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷಧಾರಿಗಳಿಗೆ ಸಲ್ಲುವ ಗೌರವವೆಷ್ಟು! ಹೆಣ್ಣಿನ ವೇಷದಲ್ಲಿ ಪ್ರಾಣವನ್ನೇ ತೆತ್ತ ಆ ವೇಷಧಾರಿಯ ಹೆಸರಾದರೋ ಅಂದಿನ ಪ್ರೇಕ್ಷಕರಿಗೆ ತಿಳಿದುದು ಅವನು ಸತ್ತ ಬಳಿಕ.

ಇವು ಅಗ್ಗದ ಚಿತ್ರಗಳೆಂಬುದು ನಿಜವೇ. ದೊಡ್ಡ ಚಿತ್ರಗಳಿಗಾಗಿ ಕಟ್ಟಿದ ಅರಮನೆ ಗುಹೆಗಳಲ್ಲಿಯೇ ಇವುಗಳ ಚಿತ್ರೀಕರಣವು ನಡೆಯುತ್ತಿತ್ತು. ಒಮ್ಮೆ ತೆಗೆದ ಬೆಂಕಿ, ಪ್ರವಾಹ, ಸ್ಫೋಟಗಳ ತುಣುಕುಗಳನ್ನು ಬೇರೆ ಬೇರೆ ಕಥೆಗಳಲ್ಲಿ ಮತ್ತೆ ಮತ್ತೆ ಜೋಡಿಸುತ್ತಿದ್ದರು. ಹಣ ಸಾಲದಾದಾಗ ಪಾತ್ರಗಳು ಒಂದೆಡೆ ಕುಳಿತು ಹಿಂದಿನ ಕಥೆಯನ್ನೇ ಜ್ಞಾಪಿಸಿಕೊಳ್ಳುವ ಕಂತೊಂದು ಬರುವುದು. ಹಳೆಯ ದೃಶ್ಯಗಳನ್ನೇ ಮರಳಿ ತೋರಿಸಿದರಾಯಿತು! ಪ್ರಪಾತಕ್ಕೆ ಬಿದ್ದ ಬಂಡಿಯಿಂದ ನಾಯಕನು ಮೊದಲೇ ಹಾರಿಕೊಂಡಿದ್ದನೆಂದು ಮುಂದಿನ ವಾರ ತೋರಿಸಿ ಪ್ರೇಕ್ಷಕರನ್ನು ವಂಚಿಸುವುದೂ ಉಂಟು. ಮಾತು ಬಂದ ಮೇಲೆಯೂ ಈ ಪರಂಪರೆಯು ನಿಲ್ಲಲಿಲ್ಲ. 1936ರ ‘ಫ್ಲ್ಯಾಷ್ ಗಾರ್ಡನ್’ದಲ್ಲಿ ಬಸ್ಟರ್ ಕ್ರ್ಯಾಬ್ ಗ್ರಹಾಂತರಯಾತ್ರೆಯನ್ನು ಮಾಡಿದನು, 1941ರ ‘ಕ್ಯಾಪ್ಟನ್ ಮಾರ್ವೆಲ್’ದಲ್ಲಿ ತಂತಿಯ ಮೇಲೆ ಜಾರುವ ಬೊಂಬೆಯೊಂದು ಆಕಾಶಗಾಮಿಯಾದ ವೀರನಾಗಿ ಜನರನ್ನು ನಂಬಿಸಿತು. ದೂರದರ್ಶನವು ಮನೆಮನೆಗಳನ್ನು ಹೊಕ್ಕ ಬಳಿಕ, 1956ರಲ್ಲಿ ಹಾಲಿವುಡ್ಡಿನ ಕಡೆಯ ಧಾರಾವಾಹಿ ಚಿತ್ರವು ಬಿಡುಗಡೆಯಾಯಿತು.

ಇನ್ನು ನಮ್ಮ ದೇಶದ ಸಂಗತಿ. 1927-28ರಲ್ಲಿ ಮದರಾಸಿನ ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ಸರಕಾರವು ನೇಮಿಸಿದ ಸಿನಿಮಾ ವಿಚಾರಣಾ ಸಮಿತಿಯ ಕಾಲಕ್ಕೆ, ಇಂಗ್ಲಿಷು ಬಾರದ ಸಾಮಾನ್ಯರಿಗೂ ಈ ವಿದೇಶೀ ಧಾರಾವಾಹಿಗಳು ಅತ್ಯಂತ ಪ್ರಿಯವಾಗಿದ್ದುವು. ಓಟ, ಹಾರಾಟ, ಹೊಡೆದಾಟಗಳಿಗೆ ಭಾಷಾಂತರವೇಕೆ? ಇದನ್ನು ಕಂಡ ನಮ್ಮವರೂ ಸುಮ್ಮನಿರಲಿಲ್ಲ. 1929ರಲ್ಲಿ ಮುಂಬಯಿಯ ಕೃಷ್ಣಾ ಫಿಲ್ಮ್ ಕಂಪೆನಿಯವರು ಪ್ರಫುಲ್ಲ ಘೋಷರ ನಿರ್ದೇಶನದಲ್ಲಿ ಹಾತಿಂತಾಯಿಯ ಕಥೆಯನ್ನು ನಾಲ್ಕು ಭಾಗಗಳಲ್ಲಿ ಹೊರತಂದರು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪೆನಿಯು ತಲೆಯೆತ್ತಿ, ಕೆಲವೇ ವರ್ಷಗಳಲ್ಲಿ ಸಾಹಸಪ್ರಧಾನವಾದ ಹಲವಾರು ಮೂಕಚಿತ್ರಗಳನ್ನು ನಿರ್ಮಿಸಿತು. 1934ರಲ್ಲಿ ‘ಸತೀ ಸುಲೋಚನಾ’ ತೆರೆಕಂಡು ಕನ್ನಡವು ಮಾತಾಡುವುದಕ್ಕಿಂತ ಮೊದಲೇ ಕನ್ನಡನಾಡಿನ ನೆಲದಲ್ಲಿ ಕತ್ತಿವರಸೆ ಕುದುರೆಸವಾರಿಗಳ ಚಿತ್ರಗಳು ಸಿದ್ಧವಾಗುತ್ತಿದ್ದುವೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಬಹುದು.

ಈ ಮಾರ್ಗವು ಪರಾಕಾಷ್ಠೆಯನ್ನು ಮುಟ್ಟಿದುದು ವಾಡಿಯಾ ಸೋದರರಿಂದ. ಜಮಶೇದ್ ವಾಡಿಯಾ, ಹೋಮಿ ವಾಡಿಯಾ ಇವರು 1933ರಲ್ಲಿ ಸ್ಥಾಪಿಸಿದ ವಾಡಿಯಾ ಮೂವಿಟೋನಿನಿಂದ 1935ರಲ್ಲಿ ‘ಹಂಟರ್‌ವಾಲಿ’ ಹೊರಬಂದಿತು. ದುಷ್ಟಮಂತ್ರಿಯು ರಾಜನನ್ನು ಸೆರೆಯಲ್ಲಿಡಲಾಗಿ, ರಾಜಪುತ್ರಿಯು ಮುಖವಾಡವನ್ನು ಧರಿಸಿ, ಚಾಟಿಯನ್ನು ಕೈಗೆತ್ತಿಕೊಂಡು ಬಡವರ ಪಕ್ಷವನ್ನು ವಹಿಸುವ ಕಥೆಯದು. ಆ ಪಾತ್ರದಲ್ಲಿ ಮೆರೆದ ನಾಡಿಯಾಳ ನಿಜನಾಮ ಮೇರಿ ಇವಾನ್ಸ್. 1908ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನಮ್ಮ ದೇಶಕ್ಕೆ ಬಂದು, ಸರ್ಕಸ್ಸಿನಲ್ಲಿ ಕೆಲಸಮಾಡಿದವಳು. ಓಡುವ ರೈಲಿನ ಮಾಡಿನ ಮೇಲೆ ಕಾದಾಡುವುದೂ ಸಿಂಹಗಳೊಡನೆ ಅಭಿನಯಿಸುವುದೂ ಆಕೆಗೆ ನಿತ್ಯಕರ್ಮವಾಗಿದ್ದುವು. ಪರರಾಜ್ಯದ ಕೆಳಗಿದ್ದ ಜನರು ಅನ್ಯಾಯದ ಪ್ರಭುವನ್ನು ಹೆಣ್ಣೊಬ್ಬಳು ಚಾಟಿಯಿಂದ ಶಿಕ್ಷಿಸುವುದನ್ನು ಕಂಡು ಏಕೆ ಚಪ್ಪಾಳೆ ತಟ್ಟಿದರೆಂಬುದಕ್ಕೆ ವ್ಯಾಖ್ಯಾನವು ಬೇಕಿಲ್ಲ.

ವಿದ್ವಜ್ಜನರು ಇವನ್ನು ಲೆಕ್ಕಕ್ಕಿಡಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆನು. ಕಥೆಯಲ್ಲಿ ಔಚಿತ್ಯವಿಲ್ಲ, ಪಾತ್ರಗಳಲ್ಲಿ ಅಂತರಂಗವಿಲ್ಲ, ಪುನರುಕ್ತಿಗೆ ಮಿತಿಯಿಲ್ಲ. ರಸದೃಷ್ಟಿಯಿಂದ ನೋಡಿದರೆ ವೀರ, ಭಯಾನಕ, ಅದ್ಭುತಗಳ ವಿಭಾವಾನುಭಾವಗಳು ರಾಶಿಯಾಗಿದ್ದರೂ ಸ್ಥಾಯಿಯು ನೆಲೆಗೊಳ್ಳುವಷ್ಟು ಅವಕಾಶವನ್ನು ಅವು ಕೊಡುವುದಿಲ್ಲ. ಆದರೆ ಕಾಲಪುರುಷನು ರಸಿಕತೆಯನ್ನು ನೋಡಿ ಚಿತ್ರಗಳನ್ನು ನುಂಗಲಿಲ್ಲ. ಶೂದ್ರಕನ ಮೃಚ್ಛಕಟಿಕವನ್ನು ಮೋಹನ್ ಭವನಾನಿಯವರು ‘ವಸಂತಸೇನಾ’ ಎಂಬ ಮೂಕಚಿತ್ರವಾಗಿ ತೆಗೆದಾಗ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಕೈಲಾಸಂ ಅವರೂ ಅದರಲ್ಲಿ ಅಭಿನಯಿಸಿದ್ದರು. ನಮ್ಮ ಕೋಟದ ಶಿವರಾಮ ಕಾರಂತರು 1930-31ರ ಸುಮಾರಿಗೆ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಚಿತ್ರಗಳನ್ನು ತಯಾರಿಸಿದರು. ಘನವಿದ್ವಾಂಸರ ಆ ಕೃತಿಗಳಿಗೂ ಸೂರ್ಯ ಕಂಪೆನಿಯ ಕತ್ತಿಕಾಳಗಗಳಿಗೂ ಒಂದೇ ಗತಿಯಾಯಿತು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಉಳಿದಿರುವುವು ಬೆರಳೆಣಿಕೆಯಷ್ಟು. ಅವುಗಳಲ್ಲಿಯೂ ಎಷ್ಟೋ ತುಣುಕುಗಳು ಮಾತ್ರ. ಅಂದಿನ ಫಿಲ್ಮು ಸುಲಭವಾಗಿ ಉರಿಯುವ ನೈಟ್ರೇಟಿನದು. ನಮ್ಮ ಕರಾವಳಿಯಂತಹ ಸೆಕೆ ತೇವಗಳಲ್ಲಿ ತಾನಾಗಿಯೇ ಕೊಳೆಯುವಂಥದು. ಟಾಕಿಗಳು ಬಂದ ಮೇಲೆ ಬೆಲೆಯಿಲ್ಲದ ಸುರುಳಿಗಳನ್ನು ಅವುಗಳಲ್ಲಿರುವ ಬೆಳ್ಳಿಗಾಗಿ ಕರಗಿಸಿದುದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು 1964ರಲ್ಲಿ. ಅಷ್ಟರಲ್ಲಿ ಸಂಗ್ರಹಿಸಬೇಕಾದುದರ ಬಹುಭಾಗವು ಭಸ್ಮವಾಗಿದ್ದಿತು.

ಭಸ್ಮವೆಂದೊಡನೆ ನನ್ನ ಅಪರಾಧವನ್ನು ಹೇಳಲೇಬೇಕಾಗುತ್ತದೆ. ನನ್ನ ದೊಡ್ಡಪ್ಪನವರು ಹದಿಮೂರನೆಯ ವಯಸ್ಸಿನಲ್ಲಿ, ಈ ಸಂತೆಕಟ್ಟೆಯ ಸೀಮೆಯಿಂದ ಹೊರಟ ಎಷ್ಟೋ ಹುಡುಗರಂತೆ, ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋದವರು. ಲೋಟ ತೊಳೆದು ಉಳಿಸಿದ ಕಾಸಿನಲ್ಲಿ ನಾಡಿಯಾಳ ಚಿತ್ರಗಳನ್ನು ನೋಡಿ, ಅವುಗಳ ಕರಪತ್ರಗಳನ್ನೂ ಪದ್ಯಪುಸ್ತಕಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದರು. ಊರಿಗೆ ಮರಳಿದ ಬಳಿಕ ಆ ಪೆಟ್ಟಿಗೆಯು ನಮ್ಮ ಅಟ್ಟವನ್ನು ಸೇರಿತು. ನಾನು ಪಾಠಶಾಲೆಯಿಂದ ಹೊರಬಂದು ಅಧ್ಯಾಪಕವೃತ್ತಿಯನ್ನು ಹಿಡಿದ ಹೊಸತು. ಕಾವ್ಯಪ್ರಕಾಶವು ತಲೆಯಲ್ಲಿ ಬಿಸಿಬಿಸಿಯಾಗಿದ್ದ ಕಾಲ. ಒಂದು ಮಳೆಗಾಲಕ್ಕೆ ಮುಂಚೆ ಅಟ್ಟವನ್ನು ಗುಡಿಸುತ್ತ ಆ ಪೆಟ್ಟಿಗೆಯನ್ನು ತೆರೆದು, ಚಾಟಿ ಹಿಡಿದ ಹೆಂಗಸರ ಚಿತ್ರಗಳನ್ನು ಕಂಡು ಮೂಗು ಮುರಿದು, ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದೆನು. ಆ ನೀರಿನಲ್ಲಿಯೇ ಅವರು ಸ್ನಾನಮಾಡಿದರು. ಸಂಜೆ ವಿಷಯವು ತಿಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, “ಒಂದು ಮಾತು ಕೇಳಿ ಸುಡಬಹುದಿತ್ತು, ಮಾಣಿ” ಎಂದರು. ಬಳಿಕ ಆ ಮಾತನ್ನು ಎಂದೂ ಎತ್ತಲಿಲ್ಲ. ನಾನೂ ಅವರಿರುವ ತನಕ ಕೇಳಲಿಲ್ಲ: ತಾಯಿಯನ್ನು ಬಿಟ್ಟು ಬಂದ ಹುಡುಗನಿಗೆ ಆ ಕತ್ತಲ ಕೋಣೆಯಲ್ಲಿ ಏನು ದೊರೆಯುತ್ತಿತ್ತು? ಕೇಳಿದ್ದರೆ ಈ ಲೇಖನದಲ್ಲಿ ನಾಲ್ಕು ಪುಟ ಹೆಚ್ಚಾಗುತ್ತಿತ್ತು.

ಆ ಚಿತ್ರಮಂದಿರಗಳ ಕಡೆಗೆ ನಮ್ಮ ಸೀಮೆಯವರು ಬರಿಯ ಪ್ರೇಕ್ಷಕರಾಗಿಯೇ ಹೋದುದಲ್ಲ. ತುಳುನಾಡಿನಿಂದ ಮುಂಬಯಿಗೆ ಹೋಗಿ ನೆಲೆಸಿದ ಎಂ. ಬಿ. ಶೆಟ್ಟಿಯವರು ಮಲ್ಲನಂತಹ ಮೈಕಟ್ಟನ್ನು ಸಾಧಿಸಿ, ಹಿಂದೀ ಚಿತ್ರಗಳಲ್ಲಿ ಹೊಡೆದಾಟಗಳನ್ನು ಸಂಯೋಜಿಸುವ ಗುರುಗಳಾಗಿಯೂ ಖಳರ ಬಲಗೈ ಬಂಟರಾಗಿಯೂ 1982ರಲ್ಲಿ ತೀರಿಕೊಳ್ಳುವವರೆಗೆ ದುಡಿದರು. ನುಣ್ಣನೆಯ ಬೋಳುತಲೆಯ ಅವರ ಮುಖವನ್ನು ಅರಿಯದ ಪ್ರೇಕ್ಷಕನು ಆ ಕಾಲದಲ್ಲಿ ವಿರಳ. ನಾಯಕನಿಗೆ ಗೆಲವು, ಏಟು ಮಾತ್ರ ಇವರಿಗೆ. ಧಾರಾವಾಹಿಗಳ ಕಾಲದಿಂದಲೂ ಈ ವರ್ಗಕ್ಕೆ ವಿಧಿಯು ಹಂಚಿಕೊಟ್ಟ ಪಾಲು ಇದೇ.

ಲಕ್ಷಣಗ್ರಂಥಗಳ ತಕ್ಕಡಿಯಲ್ಲಿ ಈ ಚಿತ್ರಗಳು ಹಗುರವಾಗಿಯೇ ತೂಗಬಹುದು. ಆದರೆ ಇತಿಹಾಸದ ತಕ್ಕಡಿಯು ಬೇರೆ. ಒಂದು ಕಾಲದ ಬಡಜನರು ಏನನ್ನು ಕಂಡು ನಕ್ಕರು, ಯಾವುದಕ್ಕೆ ಬೆಚ್ಚಿದರು, ಯಾರ ಗೆಲವನ್ನು ತಮ್ಮದೆಂದುಕೊಂಡರು ಎಂಬುದನ್ನು ಶಾಸನಗಳು ಹೇಳುವುದಿಲ್ಲ. ಇಂಥ ಕರಪತ್ರಗಳು ಹೇಳುತ್ತವೆ. ಆದುದರಿಂದ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ಮುಂಬಯಿಯಿಂದ ಹಿಂದಿರುಗಿದ ಹಿರಿಯರ ಪೆಟ್ಟಿಗೆಗಳು ನಿಮ್ಮ ಅಟ್ಟಗಳಲ್ಲಿಯೂ ಇರಬಹುದು. ಪದ್ಯಪುಸ್ತಕವೋ, ಹಳೆಯ ಚಿತ್ರಪಟವೋ, ತುಕ್ಕುಹಿಡಿದ ಡಬ್ಬಿಯಲ್ಲಿ ಫಿಲ್ಮಿನ ಸುರುಳಿಯೋ ದೊರೆತರೆ ಕೂಡಲೇ ತೀರ್ಪುಕೊಡಬೇಡಿರಿ. ಸುರುಳಿಯಾದರೆ ಬೆಂಕಿಯಿಂದ ದೂರವಿಟ್ಟು ಬಲ್ಲವರಿಗೆ ತಿಳಿಸಿರಿ. ಮನೆಯಲ್ಲಿ ಹಿರಿಯರಿನ್ನೂ ಇದ್ದರೆ, ಮೊದಲು ಅವರನ್ನು ಒಂದು ಮಾತು ಕೇಳಿರಿ. ಅಲಮತಿವಿಸ್ತರೇಣ.