ಬಾಕಿ ಸಂಬಳದ ಕರಾರು

ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ಮನೆಬಾಗಿಲಿಗೆ 1758ರಲ್ಲಿ ದಂಡೇ ಬಂದು ಕೂತಿತು. ಹಗೆಯ ದಂಡಲ್ಲ, ಮೈಸೂರಿನದೇ ದಂಡು. ತಿಂಗಳುಗಟ್ಟಲೆ ಸಂಬಳದ ಮುಖ ಕಾಣದ ಸಿಪಾಯಿಗಳು ಶ್ರೀರಂಗಪಟ್ಟಣದಲ್ಲಿ ಧರಣಿ ಹೂಡಿದ್ದರು. ಆ ಕಾಲದ ಧರಣಿಗೆ ಶಾಮಿಯಾನವಿಲ್ಲ, ಘೋಷಣೆಯಿಲ್ಲ. ಬರಬೇಕಾದವನು ಕೊಡಬೇಕಾದವನ ಹೊಸ್ತಿಲ ಮುಂದೆ ಉಪವಾಸ ಕೂತನೆಂದರೆ, ಅವನು ಏಳುವವರೆಗೆ ಒಳಗಿನವರೂ ಅನ್ನ ನೀರು ಮುಟ್ಟುವಂತಿರಲಿಲ್ಲ.

ನಂಜರಾಜಯ್ಯ ಸಾಮಾನ್ಯನಲ್ಲ. ಕಳಲೆಯ ಮನೆತನದವನು, ಶಿವಭಕ್ತ, ಕವಿಗಳ ಪೋಷಕ; ನರಸಿಂಹಕವಿ ಸಂಸ್ಕೃತದ ಅಲಂಕಾರಶಾಸ್ತ್ರವನ್ನು ಬರೆಯಹೊರಟು ಗ್ರಂಥಕ್ಕೆ ‘ನಂಜರಾಜಯಶೋಭೂಷಣ’ ಎಂದೇ ಹೆಸರಿಟ್ಟನು. ಅಣ್ಣ ದೇವರಾಜಯ್ಯ ದಳವಾಯಿ. ಸಿಂಹಾಸನದ ಮೇಲಿದ್ದ ಇಮ್ಮಡಿ ಕೃಷ್ಣರಾಜ ಒಡೆಯರು ಇವನಿಗೆ ಅಳಿಯ. ಆ ಅಳಿಯ ಮಂತ್ರಿಗಳ ಹಿಡಿತ ಕಳಚಿಕೊಳ್ಳಲು ಹವಣಿಸಿದಾಗ ಅರಮನೆಗೇ ಫಿರಂಗಿ ತಿರುಗಿಸಿದವನು, ಅರಸನ ಪಕ್ಷದವರ ಕಿವಿಮೂಗುಗಳನ್ನು ಅರಸನ ಕಣ್ಣೆದುರೇ ಕೊಯ್ಯಿಸಿದವನು ಈ ನಂಜರಾಜಯ್ಯನೇ. ಅದನ್ನು ಕಂಡು ಹೇಸಿದ ದೇವರಾಜಯ್ಯ 1757ರಲ್ಲಿ ಪಟ್ಟಣ ಬಿಟ್ಟು ಸತ್ಯಮಂಗಲಕ್ಕೆ ಹೋಗಿ ಕೂತನು.

ಫಿರಂಗಿಗೆ ಅಂಜದವನು ಸಂಬಳದ ಬಾಕಿಗೆ ಅಂಜಬೇಕಾಯಿತು. ಬೊಕ್ಕಸ ಬರಿದಾದದ್ದು ತಿರುಚಿನಾಪಳ್ಳಿಯ ಆಸೆಯಿಂದ. ಆ ಕೋಟೆಯನ್ನು ಬಿಟ್ಟುಕೊಡುವೆನೆಂದು ಮಾತು ಕೊಟ್ಟಿದ್ದ ನವಾಬ ಮಹಮದಾಲಿ ಕೆಲಸವಾದ ಮೇಲೆ ಕೈಯೆತ್ತಿಬಿಟ್ಟನು. 1752ರಲ್ಲಿ ಹೊರಟ ಮೈಸೂರಿನ ಸೈನ್ಯ ಮೂರು ವರ್ಷ ಅದರ ಸುತ್ತ ಸವೆದು, 1755ರಲ್ಲಿ ಬರಿಗೈಲಿ ಮರಳಿತು. ಅದೇ ವರ್ಷ ನಿಜಾಮ ಸಲಾಬತ್ ಜಂಗ್ ಫ್ರೆಂಚರ ಬುಸ್ಸಿಯೊಡನೆ ಬಾಗಿಲಿಗೆ ಬಂದು 56 ಲಕ್ಷ ಕೇಳಿದನು. ದೇವಸ್ಥಾನಗಳ ಒಡವೆ ಇಳಿಸಿ ಕೊಟ್ಟರೂ ಮೊತ್ತ ತುಂಬಲಿಲ್ಲ. ಹಿಂದೆಯೇ 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯ ಬಂದನು. ಅವನಿಗೆ 32 ಲಕ್ಷವೆಂದು ತೀರ್ಮಾನವಾಗಿ, ನಗದಿಲ್ಲದ್ದರಿಂದ ಸೀಮೆಗಳನ್ನು ಒತ್ತೆಯಿಡಬೇಕಾಯಿತು. ಒತ್ತೆ ಹೋದ ಸೀಮೆಯಿಂದ ಕಂದಾಯವಿಲ್ಲ, ಕಂದಾಯವಿಲ್ಲದೆ ಸಂಬಳವೆಲ್ಲಿಂದ?

ಧರಣಿಯ ಸುದ್ದಿ ದಿಂಡಿಗಲ್ಲಿಗೆ ಮುಟ್ಟಿತು. ಅಲ್ಲಿ ಫೌಜುದಾರನಾಗಿದ್ದವನು ಹೈದರಾಲಿ. ಇವನೂ ಮೈಸೂರಿನ ಚಾಕರನೇ, ಆದರೆ ಇವನ ಪಡೆ ಇವನದಾಗಿತ್ತು. ಕಟ್ಟಿದವನು, ಕವಾಯತು ಮಾಡಿಸಿದವನು ಇವನು; ಕೊಳ್ಳೆಯಲ್ಲಿ ಅರ್ಧ ಪಾಲು ತನಗೆ, ಅರ್ಧ ತಂದವನಿಗೆ ಎಂಬ ಕಟ್ಟಳೆ ಇಟ್ಟವನೂ ಇವನೇ. ಓದು ಬರಹ ಬಾರದವನ ಪರವಾಗಿ ಲೆಕ್ಕ ಬರೆಯಲು ಖಂಡೇರಾವ್ ಎಂಬ ಬ್ರಾಹ್ಮಣನಿದ್ದನು. ದಿಂಡಿಗಲ್ಲಿನ ಒಂದು ಕಾಳಗದಲ್ಲಿ ಗಾಯಗೊಂಡವರು 67 ಮಂದಿಯಾದರೆ ಪಟ್ಟಣಕ್ಕೆ ಹೋದ ಲೆಕ್ಕ 700. ತನಿಖೆಗೆ ಅಧಿಕಾರಿ ಬಂದಾಗ ಏಳುನೂರು ಜನರ ಕೈಕಾಲುಗಳಿಗೂ ಅರಿಸಿನದ ಬಟ್ಟೆ ಸುತ್ತಿತ್ತು. ತಲೆಗೆ ತಿಂಗಳಿಗೆ 14 ರೂಪಾಯಿ ಮಂಜೂರಾಯಿತು. ನಿಜವಾಗಿ ಗಾಯಗೊಂಡವನಿಗೆ ಸಿಕ್ಕಿದ್ದು 7. ಇದನ್ನು ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಅವನಿಗೆ ಹೈದರನ ಮೇಲೆ ಪ್ರೀತಿಯಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಮುಂದಿನ ನಾಲ್ಕು ವರ್ಷಗಳ ನಡೆಗೆ ಈ ಅರಿಸಿನದ ಬಟ್ಟೆ ಚೆನ್ನಾಗಿ ಹೊಂದುತ್ತದೆ.

ಹೈದರಾಲಿ ದಂಡು ಸಮೇತ ಹೊರಟು, ದಾರಿಯಲ್ಲಿ ಸತ್ಯಮಂಗಲ ಹೊಕ್ಕು ದೇವರಾಜಯ್ಯನನ್ನು ಒಲಿಸಿ, ಅಣ್ಣತಮ್ಮಂದಿರನ್ನು ಒಂದು ಮಾಡಿದನು. ಪಟ್ಟಣಕ್ಕೆ ಬಂದ ಕೆಲವೇ ದಿನಗಳಲ್ಲಿ ದೇವರಾಜಯ್ಯ ತೀರಿಕೊಂಡನು. ಬಳಿಕ ಖಂಡೇರಾವ್ ಸೈನಿಕರ ಲೆಕ್ಕದ ಕಟ್ಟು ಬಿಚ್ಚಿದನು. ಸುಳ್ಳು ಹಾಜರಿ ಹಿಡಿಯುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಕಿ ಕರಗಿತು, ಉಳಿದದ್ದು ಸಂದಾಯವಾಯಿತು, ಧರಣಿ ಎದ್ದಿತು. ಆಮೇಲೆ ಮುಂದಾಳುಗಳನ್ನು ಹಿಡಿಸಿ ಅವರ ಸೊತ್ತನ್ನೂ ಹೈದರ ಕಿತ್ತುಕೊಂಡನು. ಈ ಉಪಕಾರಕ್ಕೆ ಪ್ರತಿಯಾಗಿ ಅವನಿಗೆ ಬೆಂಗಳೂರಿನ ಕೋಟೆ, ಸೀಮೆ ಜಾಗೀರಾಗಿ ಬಂದವು.

ಮರುವರ್ಷ ಮರಾಠರ ಗೋಪಾಲರಾವ್ ಹರಿ ಒತ್ತೆಯ ಸೀಮೆಗಳನ್ನು ಕೇಳುತ್ತ ಬಂದು ಬೆಂಗಳೂರಿಗೆ ಮುತ್ತಿಗೆ ಹಾಕಿದನು. ಎದುರು ನಿಂತು, ಕೊನೆಗೆ ಸಂಧಿ ಕುದುರಿಸಿದವನು ಹೈದರಾಲಿ. ಎಲ್ಲ ಹಳೆಯ ಹಕ್ಕಿಗೂ ಸೇರಿ 32 ಲಕ್ಷ. ಅದರಲ್ಲಿ ಅರ್ಧವನ್ನು ಸಾಹುಕಾರರು ಸಾಲ ಕೊಡಲು ಒಪ್ಪಿದ್ದು ಅರಮನೆಯ ಮೊಹರನ್ನು ನೋಡಿಯಲ್ಲ, ಹೈದರನ ಮಾತನ್ನು ನಂಬಿ. ಬಿಡಿಸಿಕೊಂಡ ಸೀಮೆಗಳ ಆಡಳಿತ ಅವನ ಕೈಯಲ್ಲೇ ಇರಬೇಕೆಂಬ ಷರತ್ತೂ ಜೊತೆಗೆ ಬಂತು. ಗೆದ್ದು ಬಂದವನಿಗೆ ಒಡೆಯರು ತುಂಬಿದ ದರ್ಬಾರಿನಲ್ಲಿ ‘ಫತೇ ಹೈದರ್ ಬಹಾದೂರ್’ ಎಂಬ ಬಿರುದು ಕೊಟ್ಟರು. ಅರಮನೆಯ ಬಳಿ ಧಾರಾಳವಾಗಿ ಉಳಿದಿದ್ದದ್ದು ಬಿರುದುಗಳಷ್ಟೇ.

ಈಗ ಒಡೆಯರ ಮನೆಯ ಹಿರಿಯ ರಾಣಿಗೆ ಹೊಸ ಯೋಚನೆ ಹೊಳೆಯಿತು: ಹೈದರನನ್ನು ಹಿಡಿದು ನಂಜರಾಜಯ್ಯನನ್ನು ಕೆಳಗಿಳಿಸುವುದು. ನಡುವೆ ಓಡಾಡಿದವನು ಖಂಡೇರಾವ್. ಎರಡನೆಯ ಧರಣಿ ನಡೆಯಿತು. ಈ ಬಾರಿ ಅದು ನಾಟಕ. ಸೈನಿಕರು ಹೈದರನ ಬಾಗಿಲಲ್ಲಿ ಕೂತರು. ಸಂಬಳ ಕೊಡಬೇಕಾದವನು ಸರ್ವಾಧಿಕಾರಿ ಎಂದು ಹೈದರನು ಅವರನ್ನು ಕರೆದುಕೊಂಡು ಹೋಗಿ ತಾನೂ ನಂಜರಾಜಯ್ಯನ ಬಾಗಿಲಲ್ಲಿ ಕೂತನು. ಮುದಿ ಮಂತ್ರಿಗೆ ಅರ್ಥವಾಯಿತು. ಅವನು ಅಧಿಕಾರ ಬಿಟ್ಟು ಮೊದಲು ಮೈಸೂರಿಗೆ, ಅಲ್ಲಿಂದಲೂ ಮುತ್ತಿಗೆ ಹಾಕಿ ಎಬ್ಬಿಸಿದ ಮೇಲೆ ಕೊಣನೂರಿಗೆ ಹೋದನು. ಖಂಡೇರಾವ್ ಪ್ರಧಾನನಾದನು. ಸೈನ್ಯದ ವೆಚ್ಚಕ್ಕೆಂದು ಇನ್ನಷ್ಟು ಸೀಮೆಗಳನ್ನು ಬರೆದುಕೊಟ್ಟಾಗ, ಮೈಸೂರು ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಹೈದರಾಲಿಯದಾಗಿತ್ತು.

ಪ್ರಧಾನನ ಗದ್ದುಗೆಯಿಂದ ನೋಡಿದಾಗ ಅದೇ ಲೆಕ್ಕ ಖಂಡೇರಾವ್‌ಗೆ ಬೇರೆಯಾಗಿ ಕಂಡಿರಬೇಕು. ಹೈದರನ ಪಡೆಯ ಹೆಚ್ಚಿನ ಪಾಲು ಫ್ರೆಂಚರ ನೆರವಿಗೆಂದು ಪಾಂಡಿಚೇರಿಯ ಕಡೆ ಹೋಗಿದ್ದ ಹೊತ್ತು. ಮರಾಠರ ವಿಸಾಜಿ ಪಂಡಿತನ ದಂಡು ಹತ್ತಿರದಲ್ಲೇ ಇತ್ತು. 1760ರ ಆಗಸ್ಟ್ 12ರ ಬೆಳಗ್ಗೆ ಪಟ್ಟಣದ ಬಾಗಿಲುಗಳು ತೆರೆಯಲಿಲ್ಲ. ಕೋಟೆಯ ಫಿರಂಗಿಗಳು ಹೊರಗೆ ಬೀಡುಬಿಟ್ಟಿದ್ದ ಹೈದರನ ಮೇಲೆ ಗುಂಡು ಕಾರಿದವು. ಖಂಡೇರಾವ್‌ನನ್ನು ಕರೆಯಿರಿ ಎಂದನಂತೆ ಹೈದರ. ಗುಂಡು ಹಾರಿಸುತ್ತಿರುವವನೇ ಅವನು ಎಂಬ ಉತ್ತರ ಬಂತು. ರಾತ್ರಿಯ ಕತ್ತಲಲ್ಲಿ ಕಾವೇರಿ ದಾಟಿ, ಹೆಂಡತಿಯನ್ನೂ ಹತ್ತರ ಆಸುಪಾಸಿನ ಮಗ ಟಿಪ್ಪುವನ್ನೂ ಹಿಂದೆ ಬಿಟ್ಟು, ಕೈಗೆ ಸಿಕ್ಕ ಚಿನ್ನ, ಒಡವೆ ಕಟ್ಟಿಕೊಂಡು ಅವನು ಆನೇಕಲ್ಲಿನ ದಾರಿ ಹಿಡಿದನು.

ಬೆಂಗಳೂರು ಕೈಬಿಡಲಿಲ್ಲ. ಕಿಲ್ಲೇದಾರ ಬಾಗಿಲು ತೆರೆದನು, ಪೇಟೆಯ ಸಾಹುಕಾರರು ಸಾಲ ಕೊಟ್ಟರು. ಬಾರಾಮಹಲನ್ನೂ ಹಣವನ್ನೂ ಕೊಡುವೆನೆಂದು ಹೇಳಿ ವಿಸಾಜಿ ಪಂಡಿತನನ್ನು ಹೊರಡಿಸಿದ್ದಾಯಿತು. ಅವನು ಅಷ್ಟು ಸಲೀಸಾಗಿ ಏಕೆ ಹೊರಟನೆಂಬುದು ಆಮೇಲೆ ತಿಳಿಯಿತು: 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರ ಸೈನ್ಯ ನುಚ್ಚುನೂರಾಗಿತ್ತು. ಬಾರಾಮಹಲ್ ಕೊಡುವ ಮಾತೂ ಅಲ್ಲಿಗೇ ನಿಂತಿತು.

ಆದರೂ ನಂಜನಗೂಡಿನ ಬಳಿ ಖಂಡೇರಾವ್ ಹೈದರನನ್ನು ಸೋಲಿಸಿಬಿಟ್ಟನು. ಸೋತವನು ಇನ್ನೂರು ಸವಾರರೊಡನೆ ರಾತ್ರೋರಾತ್ರಿ ಕೊಣನೂರಿಗೆ ಹೋಗಿ, ತಾನೇ ಓಡಿಸಿದ್ದ ನಂಜರಾಜಯ್ಯನ ಕಾಲಿಗೆ ಬಿದ್ದನು. ತಪ್ಪಾಯಿತು, ಮತ್ತೆ ತಾವೇ ಸರ್ವಾಧಿಕಾರಿ, ನಾನು ದಳವಾಯಿ ಎಂದನು. ಫಿರಂಗಿ ತಿರುಗಿಸಿದ ಕಾಲದ ನಂಜರಾಜಯ್ಯನಾಗಿದ್ದರೆ ನಗುತ್ತಿದ್ದನೋ ಏನೋ. ಕೊಣನೂರಿನ ನಂಜರಾಜಯ್ಯ ನಂಬಿದನು. ಅವನ ಸೈನ್ಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅವನ ಮೊಹರು. ಆ ಮೊಹರು ಒತ್ತಿದ ಕಾಗದಗಳು ಖಂಡೇರಾವ್‌ನ ಸರದಾರರ ಹೆಸರಿಗೆ ಹೊರಟವು, ಹೊರಟಂತೆಯೇ ಖಂಡೇರಾವ್‌ನ ಕೈಗೆ ಸಿಕ್ಕವು. ಸಿಗಲೆಂದೇ ಕಳಿಸಿದ್ದು. ತನ್ನನ್ನು ಹಿಡಿದುಕೊಡಲು ಸರದಾರರು ಒಪ್ಪಿದ್ದಾರೆಂದು ಓದಿದ ಪ್ರಧಾನ ಕುದುರೆ ಹತ್ತಿ ಪಟ್ಟಣದ ಕಡೆ ಓಡಿದನು. ಒಡೆಯನಿಲ್ಲದ ದಂಡಿನ ಮೇಲೆ ಹೈದರ ಬಿದ್ದನು.

ಹೈದರನು ನದಿಯಾಚೆ ಬೀಡುಬಿಟ್ಟ ಮೇಲೆ ಮಾತುಕತೆ ಮೊದಲಾಯಿತು. ಅವನು ಅರಸರಿಗೆ ಹೇಳಿಕಳಿಸಿದ್ದರಲ್ಲಿ ಬೆದರಿಕೆಯ ಒಂದು ಪದವೂ ಇರಲಿಲ್ಲ. ಖಂಡೇರಾವ್ ನನ್ನ ಚಾಕರ, ಅವನನ್ನು ಒಪ್ಪಿಸಬೇಕು. ಸರ್ಕಾರದಿಂದ ನನಗೆ ದೊಡ್ಡ ಬಾಕಿ ಬರಬೇಕಾಗಿದೆ, ಅದು ಸಲ್ಲಬೇಕು. ಆಮೇಲೆ ಇಟ್ಟುಕೊಳ್ಳುವುದಾದರೆ ಸೇವೆಯಲ್ಲಿರುತ್ತೇನೆ, ಬೇಡವಾದರೆ ಬೇರೆಡೆ ಅದೃಷ್ಟ ಹುಡುಕಿಕೊಂಡು ಹೋಗುತ್ತೇನೆ. ಸಂದೇಶದ ತಾತ್ಪರ್ಯ ಇಷ್ಟು. ಬಾಕಿ ಎಷ್ಟೆಂದು ಪ್ರಶ್ನಿಸಬಲ್ಲವನು ಇಡೀ ಪಟ್ಟಣದಲ್ಲಿ ಒಬ್ಬನೇ ಇದ್ದನು. ಮೊದಲ ಷರತ್ತಿನಲ್ಲೇ ಹೈದರ ಅವನನ್ನು ಕೇಳಿಕೊಂಡಿದ್ದನು.

ಬೊಕ್ಕಸದಲ್ಲಿ ಹಣವಿರಲಿಲ್ಲ; ಉಳಿದಿದ್ದದ್ದು ನೆಲ. 1761ರ ನಡುಭಾಗದಲ್ಲಿ ಕರಾರಾಯಿತು. ಒಡೆಯರ ವೆಚ್ಚಕ್ಕೆ ಮೂರು ಲಕ್ಷದ ಸೀಮೆ, ನಂಜರಾಜಯ್ಯನಿಗೆ ಒಂದು ಲಕ್ಷದ್ದು. ಮಿಕ್ಕದ್ದೆಲ್ಲ ಹೈದರನ ಕೈಗೆ, ಸೈನ್ಯದ ಸಂಬಳಕ್ಕೆ ಮತ್ತು ಹಳೆಯ ಬಾಕಿಗೆ. ಕೊಣನೂರಿನಲ್ಲಿ ಆಡಿದ ಸರ್ವಾಧಿಕಾರದ ಮಾತು ಕರಾರಿನಲ್ಲಿ ಬರಲಿಲ್ಲ.

ಖಂಡೇರಾವ್‌ನನ್ನು ಒಪ್ಪಿಸುವಾಗ ಅರಸರೂ ಅಂತಃಪುರದವರೂ ಅವನ ಜೀವ ಉಳಿಸಬೇಕೆಂದು ಬೇಡಿಕೊಂಡರು. ಜೀವ ಉಳಿಸುವುದಷ್ಟೇ ಅಲ್ಲ, ಗಿಳಿಯ ಹಾಗೆ ಸಾಕುತ್ತೇನೆ ಎಂದು ಹೈದರನು ಮಾತು ಕೊಟ್ಟನು. ಬಳಿಕ ಅವನನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿ ಹಾಲು ಅನ್ನ ಹಾಕಿಸಿದನು. ಮತ್ತೆ ಯಾರೋ ಅವನ ಪರವಾಗಿ ಬಿನ್ನೈಸಿದಾಗ, ಆಡಿದ ಮಾತಿನಲ್ಲಿ ನಾನು ತಪ್ಪಿದ್ದೆಲ್ಲಿ ಎಂದು ಕೇಳಿದನು. ಖಂಡೇರಾವ್ ಹೊರಗೆ ಬಂದದ್ದು ಹೆಣವಾಗಿಯೇ.